ಹಲ್ಲಿ, ಓತಿಕ್ಯಾತ, ಉಡ: ಯಾವುದು ಯಾವಾಗ ಏನು ತಿನ್ನುತ್ತದೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಎಂಟನೇ ಕ್ಲಾಸಿನಲ್ಲಿರುವ ಮಗಳು ಶಾಲೆಯ ಪ್ರಾಜೆಕ್ಟಿಗೆ ‘ಹಲ್ಲಿಗಳ ಆಹಾರ’ ಎಂಬ ವಿಷಯ ಆರಿಸಿಕೊಂಡಿದ್ದಾಳೆ. ಪುಸ್ತಕದಲ್ಲಿ ‘ಹಲ್ಲಿ ಕೀಟ ತಿನ್ನುತ್ತದೆ’ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅವಳು ನೋಡಿದ ಪ್ರಕಾರ ಓತಿಕ್ಯಾತದ ಮರಿ ಇರುವೆ ಹಿಡಿಯುತ್ತದೆ, ದೊಡ್ಡದು ಮಿಡತೆ ಹಿಂದೆ ಬೀಳುತ್ತದೆ. ಮಳೆ ಶುರುವಾದಾಗ ಒಂಥರಾ, ಬೇಸಿಗೆಯಲ್ಲಿ ಇನ್ನೊಂಥರಾ. ವಯಸ್ಸು, ಗಂಡು-ಹೆಣ್ಣು, ಕಾಲ ಇವಕ್ಕೆ ತಕ್ಕಂತೆ ಊಟ ಬದಲಾಗುತ್ತದೆಯೇ? ಇನ್ನೊಂದು ವಿಷಯ. ಉಡ ಕೋಳಿಮೊಟ್ಟೆ ತಿನ್ನುತ್ತದೆ, ಕಂಡಲ್ಲಿ ಓಡಿಸಬೇಕು ಎಂದು ನಮ್ಮ ಮಾವ ಹೇಳುತ್ತಾರೆ. ಇದು ನಿಜವೇ?

ಉತ್ತರ: ಬದಲಾಗುತ್ತದೆ. ನಿಮ್ಮ ಮಗಳು ನೋಡಿದ್ದು ಸರಿಯಾಗಿಯೇ ಇದೆ. ನೀವು ಹೇಳಿದ ಮೂರೂ ಕಾರಣಗಳು ನಿಜ, ಆದರೆ ಮೂರಕ್ಕೂ ಒಂದೇ ತೂಕ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಪ್ರಾಣಿಯ ಗಾತ್ರ. ಅದರ ಬೆನ್ನಿಗೇ ಕಾಲ. ಮಲೆನಾಡಿನಂಥ ಕಡೆ ಕಾಲದ ಹಿಡಿತ ಇನ್ನೂ ಜಾಸ್ತಿ. ಗಂಡು-ಹೆಣ್ಣಿನ ವ್ಯತ್ಯಾಸ ಮೂರನೆಯದು, ಅದೂ ಎಷ್ಟೋ ಸಲ ಗಾತ್ರದ ವ್ಯತ್ಯಾಸವೇ ಆಗಿರುತ್ತದೆ.

ಮೊದಲು ಯಾವ ಪ್ರಾಣಿ ಎಂಬುದನ್ನು ಬಿಡಿಸಿಕೊಳ್ಳೋಣ. ನಿಮ್ಮ ಸುತ್ತಮುತ್ತ ಸುಲಭಕ್ಕೆ ಕಾಣುವುದು ಐದು ಬಗೆ. ರಾತ್ರಿ ಗೋಡೆ ಮೇಲೆ ಬರುವ ಹಲ್ಲಿ. ಬೇಲಿ ಮೇಲೆ ಕೂತು ತಲೆ ಕುಣಿಸುವ ಓತಿಕ್ಯಾತ. ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡೇ ಇರುವ ಹಾರುವ ಓತಿ. ತರಗೆಲೆಯೊಳಗೆ ಸರ್ರನೆ ಹರಿಯುವ ಹಾವುರಾಣಿ. ಮತ್ತೆ ಉಡ. ಇವೆಲ್ಲ ಒಂದೇ ದೊಡ್ಡ ಬಳಗಕ್ಕೆ ಸೇರಿದರೂ ಬೇಟೆಯ ರೀತಿ ಬೇರೆ. ಓತಿಕ್ಯಾತ ಕೂತು ಕಾಯುತ್ತದೆ. ಏನಾದರೂ ಕದಲಿದರೆ ಮಾತ್ರ ನೆಗೆದು ಹಿಡಿಯುತ್ತದೆ. ಹಾಗಾಗಿ ಅದರ ಹೊಟ್ಟೆಯಲ್ಲಿ ಓಡಾಡುವ ಹುಳಗಳೇ ಜಾಸ್ತಿ. ಹಾವುರಾಣಿ ಮತ್ತು ಉಡ ಹುಡುಕಿಕೊಂಡು ತಿರುಗುತ್ತವೆ. ನಾಲಗೆಯಿಂದ ವಾಸನೆ ಹಿಡಿಯುತ್ತವೆ. ಎಲೆ ಅಡಿ ಸುಮ್ನೆ ಬಿದ್ದುಕೊಂಡ ಮರಿಹುಳು, ಗೆದ್ದಲು ಕೂಡ ಇವಕ್ಕೆ ಸಿಕ್ಕಿಬೀಳುತ್ತವೆ. ವಯಸ್ಸು ಎಷ್ಟೇ ಆಗಲಿ, ಯಾವ ಕಾಲವೇ ಇರಲಿ, ಈ ರೀತಿ ಹೆಚ್ಚು ಬದಲಾಗುವುದಿಲ್ಲ.

ಈಗ ವಯಸ್ಸಿನ ವಿಷಯ. ಹಲ್ಲಿ, ಓತಿಗಳು ನಮ್ಮ ಹಾಗೆ ಅಗಿದು ತಿನ್ನುವುದಿಲ್ಲ. ದವಡೆಯಲ್ಲಿ ನಾಲ್ಕಾರು ಸಲ ಜಜ್ಜಿ ಇಡಿಯಾಗಿ ನುಂಗುತ್ತವೆ. ಅಂದರೆ ಬಾಯಿ ಎಷ್ಟು ಅಗಲವೋ ಊಟವೂ ಅಷ್ಟೇ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಓತಿಕ್ಯಾತದ ಮರಿ ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 2.5 ಸೆಂಟಿಮೀಟರ್ ಇರುತ್ತದೆ. ಅದರ ಬಾಯಿಗೆ ಇರುವೆ, ಪುಟ್ಟ ಜೇಡ, ಸಣ್ಣ ನೊಣ, ಮಿಡತೆಯ ಮರಿ ಹಿಡಿಸುತ್ತವೆ, ಬೆಳೆದ ಮಿಡತೆ ಹಿಡಿಸುವುದಿಲ್ಲ. ಜೊತೆಗೆ ಇನ್ನೊಂದು ಕಷ್ಟ. ಮೈ ಸಣ್ಣದಾದಷ್ಟೂ ಪ್ರತಿ ಗ್ರಾಂ ತೂಕಕ್ಕೆ ಬೇಕಾಗುವ ಶಕ್ತಿ ಜಾಸ್ತಿ. ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗ ಸ್ವಲ್ಪ ಉಳಿದಿರುತ್ತದೆ, ಅದು ಮೊದಲ ಕೆಲವು ದಿನಕ್ಕೆ ಸಾಕು. ಆಮೇಲೆ ಕೂಡಿಟ್ಟ ಕೊಬ್ಬು ಏನೂ ಇಲ್ಲ. ಅದು ಮೇಲಿಂದ ಮೇಲೆ ತಿನ್ನಲೇಬೇಕು. ಇರುವೆ ಸಾಲಿನ ಪಕ್ಕ ಮರಿ ಕೂತಿರುವುದು ಇದೇ ಕಾರಣಕ್ಕೆ.

ದೊಡ್ಡದಾದ ಮೇಲೆ ಸಣ್ಣ ಹುಳ ಬಿಟ್ಟೇಬಿಡುತ್ತವೆ ಎಂದೇನಿಲ್ಲ. ತಿನ್ನಬಹುದಾದ ಹುಳದ ಮೇಲಿನ ಮಿತಿ ಬೇಗ ಏರುತ್ತದೆ, ಕೆಳಗಿನ ಮಿತಿ ಅಷ್ಟು ಬೇಗ ಏರುವುದಿಲ್ಲ. ದೊಡ್ಡ ಓತಿಕ್ಯಾತ ಮಿಡತೆ, ದುಂಬಿ, ಕಂಬಳಿಹುಳು ತಿನ್ನುತ್ತದೆ. ಅವಕಾಶ ಸಿಕ್ಕರೆ ಸಣ್ಣ ಹಲ್ಲಿಯನ್ನೂ ನುಂಗುತ್ತದೆ. ಅದೇ ಪ್ರಾಣಿ ಇರುವೆಯನ್ನೂ ನೆಕ್ಕುತ್ತದೆ.

ಇಲ್ಲಿ ಮಗಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಈ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಇದು. ಒಂದು ಓತಿಕ್ಯಾತದ ಹೊಟ್ಟೆಯಲ್ಲಿ ಐವತ್ತು ಇರುವೆ, ಒಂದು ಮಿಡತೆ ಇದೆ ಎಂದಿಟ್ಟುಕೊಳ್ಳಿ. ಅದರ ಮುಖ್ಯ ಊಟ ಯಾವುದು? ತಲೆ ಎಣಿಸಿದರೆ ಇರುವೆ. ಆದರೆ ತಟ್ಟೆಯಲ್ಲಿ ಐವತ್ತು ಕಾಳು ಮಂಡಕ್ಕಿ, ಒಂದು ಕಡುಬು ಇದ್ದರೆ ಹೊಟ್ಟೆ ತುಂಬಿಸುವುದು ಯಾವುದು? ಕಡುಬೇ ಅಲ್ವಾ. ಅದಕ್ಕೇ ಸಂಶೋಧಕರು ಮೂರು ಲೆಕ್ಕ ಇಡುತ್ತಾರೆ. ಎಷ್ಟು ಹುಳ ಇದ್ದವು, ಅವೆಲ್ಲ ಸೇರಿ ಎಷ್ಟು ಜಾಗ ತುಂಬಿದ್ದವು, ನೋಡಿದ ಪ್ರಾಣಿಗಳಲ್ಲಿ ಎಷ್ಟರ ಹೊಟ್ಟೆಯಲ್ಲಿ ಆ ಹುಳ ಸಿಕ್ಕಿತು. ಮರಿಗಳಲ್ಲಿ ಮೂರೂ ಲೆಕ್ಕ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡುತ್ತವೆ, ಏಕೆಂದರೆ ಅವು ತಿನ್ನುವುದೆಲ್ಲ ಸಣ್ಣದೇ. ದೊಡ್ಡ ಪ್ರಾಣಿಗಳಲ್ಲಿ ಮೂರು ಲೆಕ್ಕ ಮೂರು ದಿಕ್ಕಿಗೆ ಎಳೆಯುತ್ತವೆ. ಯಾವ ಲೆಕ್ಕ ಎಂದು ಹೇಳದೆ ‘ಓತಿಕ್ಯಾತ ಮುಖ್ಯವಾಗಿ ಇರುವೆ ತಿನ್ನುತ್ತದೆ’ ಎಂದು ಬರೆದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ.

ಹಾರುವ ಓತಿಯ ಕಥೆ ಬೇರೆ. ಅದಕ್ಕೆ ಇರುವೆಯೇ ನಿಜವಾದ ಊಟ, ಬೆಳೆದ ಮೇಲೂ ಅದೇ. ಕಾಂಡದ ಮೇಲೆ ಹರಿಯುವ ಇರುವೆ ಸಾಲಿನ ಪಕ್ಕ ಕೂತು ಒಂದೊಂದಾಗಿ ಹೆಕ್ಕುತ್ತದೆ. ಇರುವೆಯ ಮೈ ಗಟ್ಟಿ, ಒಳಗೆ ಹುಳಿ ಬೇರೆ. ಒಂದು ಇರುವೆಯಿಂದ ಸಿಗುವುದು ಸ್ವಲ್ಪವೇ, ಹಾಗಾಗಿ ತುಂಬ ತಿನ್ನಬೇಕು. ಆದರೆ ಹುಡುಕಾಡುವ ಕೆಲಸ ಇಲ್ಲ, ಊಟವೇ ಸಾಲಾಗಿ ಬರುತ್ತದೆ. ಹೀಗೆ ಒಂದೇ ಊಟ ನೆಚ್ಚಿಕೊಂಡ ಪ್ರಾಣಿಯಲ್ಲಿ ಮರಿಗೂ ದೊಡ್ಡದಕ್ಕೂ ಅಂತರ ಕಡಿಮೆ ಇರುತ್ತದೆ. ತೋಟದ ಮರಗಳಿಗೆ ಇರುವೆ ಔಷಧಿ ಹೊಡೆಯುವ ಯೋಚನೆ ಇದ್ದರೆ ಇದನ್ನು ನೆನಪಿಡಿ. ಆ ಮರದಲ್ಲಿ ಇನ್ನೊಬ್ಬರ ಊಟ ಇದೆ.

ಮರಿ ಮತ್ತು ದೊಡ್ಡದರ ನಡುವೆ ಎಲ್ಲಕ್ಕಿಂತ ದೊಡ್ಡ ಅಂತರ ಕಾಣುವುದು ಉಡದಲ್ಲಿ. ಉಡದ ಮರಿ ಮರ ಹತ್ತಿಕೊಂಡಿರುವುದೇ ಜಾಸ್ತಿ, ಕೀಟ ತಿಂದು ಬೆಳೆಯುತ್ತದೆ. ಬೆಳೆದಂತೆ ನೆಲದ ಮೇಲಿನ ಓಡಾಟ ಹೆಚ್ಚುತ್ತದೆ. ಆಗ ದುಂಬಿ, ಗೊಣ್ಣೆಹುಳು, ಬಸವನಹುಳು, ಏಡಿ, ಕಪ್ಪೆ, ಇಲಿ, ಮೊಟ್ಟೆ, ಸತ್ತ ಪ್ರಾಣಿ ಎಲ್ಲವೂ ಊಟವೇ. ದೊಡ್ಡ ತುಂಡನ್ನು ಹರಿದು ತಿನ್ನುವುದೂ ಅದಕ್ಕೆ ಗೊತ್ತು. ಇದರ ದೂರದ ನೆಂಟ ಇಂಡೊನೇಷ್ಯಾದ ಕೊಮೊಡೊ ಡ್ರ್ಯಾಗನ್. ಅದರ ಮರಿಗಳೂ ಮರದ ಮೇಲೆಯೇ ಇದ್ದು ಕೀಟ, ಹಲ್ಲಿ ತಿನ್ನುತ್ತವೆ. ದೊಡ್ಡವು ಜಿಂಕೆ, ಎಮ್ಮೆ ಹಿಡಿಯುತ್ತವೆ. ಮರಿಗಳು ಮರ ಬಿಟ್ಟು ಇಳಿಯದಿರಲು ಒಂದು ಕಾರಣ ಎಂದರೆ ದೊಡ್ಡ ಡ್ರ್ಯಾಗನ್‌ಗಳು ಅವನ್ನೇ ತಿಂದುಬಿಡುತ್ತವೆ. ನಿಮ್ಮ ಮನೆ ಗೋಡೆ ಮೇಲೂ ಇದರ ಸಣ್ಣ ರೂಪ ನೋಡಬಹುದು. ಬಲ್ಬಿನ ಹತ್ತಿರದ ಜಾಗ ದೊಡ್ಡ ಹಲ್ಲಿಯ ಪಾಲು. ಸಣ್ಣವು ಬೆಳಕಿನ ಅಂಚಿನಲ್ಲಿ, ತೊಲೆಯ ಸಂದಿಯಲ್ಲಿ ಇರುತ್ತವೆ. ಹತ್ತಿರ ಹೋದರೆ ಓಡಿಸಿಕೊಳ್ಳುತ್ತವೆ, ಕೆಲವೊಮ್ಮೆ ನುಂಗಿಸಿಕೊಳ್ಳುತ್ತವೆ. ಅಂದರೆ ಮರಿಯ ಊಟವನ್ನು ಅದರ ಬಾಯಿ ಒಂದೇ ತೀರ್ಮಾನಿಸುವುದಿಲ್ಲ. ಅದು ಎಲ್ಲಿ ಕೂರಬಹುದು ಎಂಬುದನ್ನು ದೊಡ್ಡವು ತೀರ್ಮಾನಿಸುತ್ತವೆ.

ಬೆಳೆದಂತೆ ಕೀಟ ಬಿಟ್ಟು ಸೊಪ್ಪಿಗೆ ತಿರುಗುವ ಜಾತಿಗಳೂ ಇವೆ. ರಾಜಸ್ಥಾನದ ಮರಳುಗಾಡಿನ ಸಾಂಡಾ ಎಂಬ ಹಲ್ಲಿ ಹಾಗೆ. ಮರಿಗಳು ಕೀಟವನ್ನೂ ತಿನ್ನುತ್ತವೆ, ದೊಡ್ಡವಕ್ಕೆ ಗಿಡವೇ ಮುಖ್ಯ. ನಿಮ್ಮ ತೋಟದ ಐದರಲ್ಲಿ ಸೊಪ್ಪು ನಂಬಿ ಬದುಕುವುದು ಯಾವುದೂ ಇಲ್ಲ. ಓತಿಕ್ಯಾತ ಆಗೊಮ್ಮೆ ಈಗೊಮ್ಮೆ ಹೂವಿನ ಎಸಳು ನುಂಗಬಹುದು, ಅಷ್ಟೇ.

ಇನ್ನು ಗಂಡು-ಹೆಣ್ಣು. 1967ರಲ್ಲಿ ಥಾಮಸ್ ಶೋನರ್ ಎಂಬ ವಿಜ್ಞಾನಿ ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ ಅನೋಲ್ ಎಂಬ ಹಲ್ಲಿಯ ಬಗ್ಗೆ ಬರೆದರು. ಅದರಲ್ಲಿ ಗಂಡು ಹೆಣ್ಣಿಗಿಂತ ದೊಡ್ಡದು, ಗಂಡು ಹಿಡಿಯುವ ಹುಳವೂ ದೊಡ್ಡದು. ಆಮೇಲೆ ಬೇರೆ ಕಡೆಯೂ ಇಂಥ ಉದಾಹರಣೆಗಳು ಸಿಕ್ಕವು. ಆದರೆ ಒಂದೇ ಗಾತ್ರದ ಗಂಡು-ಹೆಣ್ಣನ್ನು ಹೋಲಿಸಿದರೆ ಎಷ್ಟೋ ಜಾತಿಗಳಲ್ಲಿ ವ್ಯತ್ಯಾಸ ಕರಗಿಹೋಗುತ್ತದೆ. ಓತಿಕ್ಯಾತದಲ್ಲೂ ಬೆಳೆದ ಗಂಡಿನ ತಲೆ ದೊಡ್ಡದು, ಕೆನ್ನೆ ಉಬ್ಬಿರುತ್ತದೆ. ಆದ್ದರಿಂದ ‘ಗಂಡು ಆದ್ದರಿಂದ ದೊಡ್ಡ ಹುಳ’ ಎಂದು ಬರೆಯುವ ಮೊದಲು ‘ತಲೆ ದೊಡ್ಡದಾದ್ದರಿಂದ ದೊಡ್ಡ ಹುಳ’ ಇರಬಹುದೇ ಎಂದು ಕೇಳಿಕೊಳ್ಳಬೇಕು.

ಗಾತ್ರ, ಗಂಡು-ಹೆಣ್ಣು, ಜಾಗ ಹೇಗೆ ಒಂದರೊಳಗೊಂದು ಸೇರಿಕೊಳ್ಳುತ್ತವೆ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಗಲಾಪಗೊಸ್ ದ್ವೀಪಗಳ ಸಮುದ್ರ ಇಗ್ವಾನಾ. ಅದು ಸಮುದ್ರದ ಪಾಚಿ ತಿನ್ನುವ ಪ್ರಾಣಿ. ಆ ನೀರು ತಣ್ಣಗೆ. ದೊಡ್ಡ ಮೈ ನಿಧಾನಕ್ಕೆ ತಣಿಯುತ್ತದೆ, ಹಾಗಾಗಿ ದೊಡ್ಡವು, ಹೆಚ್ಚಾಗಿ ಗಂಡುಗಳು, ಆಳಕ್ಕೆ ಮುಳುಗಿ ಮೇಯುತ್ತವೆ. ಹೆಣ್ಣುಗಳು, ಮರಿಗಳು ಇಳಿತದ ಹೊತ್ತಿಗೆ ದಡದ ಬಂಡೆ ಮೇಲೆ ಉಳಿದ ಪಾಚಿ ತಿನ್ನುತ್ತವೆ. ಎಲ್ ನಿನ್ಯೊ ವರ್ಷಗಳಲ್ಲಿ ನೀರು ಬೆಚ್ಚಗಾಗಿ ಒಳ್ಳೆಯ ಪಾಚಿ ಸಾಯುತ್ತದೆ. ಆಗ ಇವುಗಳ ಮೈ ಉದ್ದವೇ ಕುಗ್ಗುತ್ತದೆ, ಶೇಕಡ 20ರವರೆಗೂ. ಇದನ್ನು 2000ನೇ ಇಸವಿಯಲ್ಲಿ ವಿಜ್ಞಾನಿಗಳು ಅಳತೆ ಸಮೇತ ಪ್ರಕಟಿಸಿದರು.

ಗಂಡು-ಹೆಣ್ಣಿನ ನಿಜವಾದ ವ್ಯತ್ಯಾಸ ಇರುವುದು ಹುಳದ ಜಾತಿಯಲ್ಲಲ್ಲ, ಯಾವಾಗ ಎಷ್ಟು ತಿನ್ನುತ್ತವೆ ಎಂಬುದರಲ್ಲಿ ಎಂದು ನನಗನ್ನಿಸುತ್ತದೆ. ಓತಿಕ್ಯಾತದ ಸಂತಾನದ ಬಗ್ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಹಳ ಕೆಲಸ ಆಗಿದೆ. ಆ ಭಾಗದಲ್ಲಿ ಅದು ಮೊಟ್ಟೆ ಇಡುವ ಕಾಲ ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆ ಸಮಯದಲ್ಲಿ ಗಂಡಿನ ತಲೆ, ಗಂಟಲು ಕೆಂಪಗಾಗುತ್ತವೆ. ಅದು ರಕ್ತ ಹೀರಿದ್ದರಿಂದ ಬಂದ ಬಣ್ಣ ಎಂದು ಹಳ್ಳಿಗಳಲ್ಲಿ ಇನ್ನೂ ನಂಬುವವರಿದ್ದಾರೆ. ಹಾಗೇನೂ ಇಲ್ಲ, ಅದು ಹೆಣ್ಣನ್ನು ಕರೆಯಲು, ಬೇರೆ ಗಂಡನ್ನು ಹೆದರಿಸಲು. ಈ ಗಂಡು ಬೇಲಿ ಗೂಟದ ತುದಿಯಲ್ಲಿ ಕೂತು ದಿನವಿಡೀ ತನ್ನ ಜಾಗ ಕಾಯುತ್ತದೆ. ಹುಳ ಹಿಡಿಯಲು ಪುರುಸೊತ್ತು ಕಡಿಮೆ. ಹೊಟ್ಟೆಯೊಳಗೆ ಕೂಡಿಟ್ಟ ಕೊಬ್ಬು ಕರಗಿಸಿಕೊಂಡು ದಿನ ದೂಡುತ್ತದೆ. ಹೆಣ್ಣಿನದು ತಿರುಗುಮುರುಗು. ಹತ್ತಿಪ್ಪತ್ತು ಮೊಟ್ಟೆಗೆ ಬೇಕಾದ ಕೊಬ್ಬು, ಪ್ರೋಟೀನು ಎಲ್ಲ ಊಟದಿಂದಲೇ ಬರಬೇಕು, ಆದ್ದರಿಂದ ಮೊದಲೇ ಚೆನ್ನಾಗಿ ತಿಂದಿರಬೇಕು. ಮೊಟ್ಟೆ ಬಲಿತ ಮೇಲೆ ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಕಮ್ಮಿಯಾಗುತ್ತದೆ.

ಗೋಡೆಯ ಹಲ್ಲಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಿಟಕಿ ಗಾಜಿನ ಆಚೆ ಇರುವ ಹೆಣ್ಣು ಹಲ್ಲಿಯ ಹೊಟ್ಟೆ ಗಮನಿಸಿ. ತೆಳು ಚರ್ಮದ ಒಳಗೆ ಎರಡು ಬಿಳಿ ಮೊಟ್ಟೆ ಕಾಣುತ್ತವೆ. ಓತಿಕ್ಯಾತದ ಮೊಟ್ಟೆ ಮೆತ್ತಗೆ, ಹಲ್ಲಿಯದು ಗಟ್ಟಿ ಸುಣ್ಣದ ಚಿಪ್ಪು. ಕೀಟಗಳಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಅದಕ್ಕೆ ಹಲ್ಲಿಗಳ ಕುತ್ತಿಗೆಯ ಎರಡೂ ಪಕ್ಕ ಸುಣ್ಣ ಕೂಡಿಡುವ ಚೀಲಗಳಿವೆ. ಹೆಣ್ಣುಗಳಲ್ಲಿ ಅವು ಕೆಲವೊಮ್ಮೆ ಬೆಳ್ಳಗೆ ಉಬ್ಬಿ ಹೊರಗೇ ಕಾಣುತ್ತವೆ. ಅದು ಗಾಯ, ಗಡ್ಡೆ ಅಂತ ತಿಳಿಯಬೇಡಿ.

ಕಾಲದ ವಿಷಯಕ್ಕೆ ಬಂದರೆ, ಮಲೆನಾಡಿನ ವರ್ಷ ಶುರುವಾಗುವುದೇ ಮಳೆಹುಳುವಿನಿಂದ ಎನ್ನಬೇಕು. ರೋಹಿಣಿ, ಮೃಗಶಿರಾ ಮಳೆ ಬಿದ್ದು ನೆಲ ನೆಂದ ಸಂಜೆ ಗೆದ್ದಲ ಗೂಡಿನಿಂದ ರೆಕ್ಕೆ ಹುಳಗಳು ಹೊಗೆಯೇಳುತ್ತವೆ. ಅವುಗಳ ಮೈಯಲ್ಲಿ ಕೊಬ್ಬು ಜಾಸ್ತಿ, ಕುಟುಕುವುದಿಲ್ಲ, ಓಡಲು ಬರುವುದಿಲ್ಲ. ಹಲ್ಲಿ, ಓತಿಕ್ಯಾತ, ಉಡ, ಕಪ್ಪೆ, ಕಾಗೆ ಎಲ್ಲವೂ ಅದನ್ನೇ ತಿನ್ನುತ್ತವೆ. ನಾನು ಮೇಲೆ ಹೇಳಿದ ಮರಿ-ದೊಡ್ಡದು, ಗಂಡು-ಹೆಣ್ಣು ವ್ಯತ್ಯಾಸ ಆ ಒಂದು ಸಂಜೆ ಪೂರ್ತಿ ಅಳಿಸಿಹೋಗುತ್ತದೆ. ಆ ದಿನ ಮಾತ್ರ ನೋಡಿದವರು ‘ಇವೆಲ್ಲ ಒಂದೇ ತಿನ್ನುತ್ತವೆ’ ಎಂದು ಬರೆದುಬಿಡುತ್ತಾರೆ. ಅಡಿಕೆ ಬೇರುಹುಳುವಿನ ದುಂಬಿಗಳು ಮಣ್ಣಿನಿಂದ ಮೇಲೆದ್ದು ಹಾರುವುದೂ ಮೊದಲ ಮಳೆಗಳ ಮುಸ್ಸಂಜೆಯಲ್ಲೇ.

ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ. ಜಡಿಮಳೆ. ಹುಳ ಇಲ್ಲವೆಂದಲ್ಲ, ಬಿಸಿಲು ಇಲ್ಲ. ಇವುಗಳ ಮೈಬಿಸಿ ಹೊರಗಿನಿಂದ ಬರಬೇಕು. ಮೈ ಬೆಚ್ಚಗಾಗದಿದ್ದರೆ ಓಡುವುದೂ ಕಷ್ಟ, ತಿಂದದ್ದು ಅರಗುವುದೂ ನಿಧಾನ. ಆಗುಂಬೆ, ಹುಲಿಕಲ್ ಕಡೆ ವಾರಗಟ್ಟಲೆ ಸೂರ್ಯ ಕಾಣದ ದಿನಗಳಲ್ಲಿ ಓತಿಕ್ಯಾತ ಬೇಲಿ ಮೇಲೆ ಕಾಣುವುದೇ ಅಪರೂಪ. ಕಾಂಡದ ಮೇಲೆ ನೀರು ಹರಿಯುವಾಗ ಇರುವೆ ಸಾಲೂ ತೆಳ್ಳಗಾಗುತ್ತದೆ, ಹಾರುವ ಓತಿಗೆ ಅದು ಕಷ್ಟದ ಸಮಯ. ಮನೆಯ ಹಲ್ಲಿ ಮಾತ್ರ ಆರಾಮಾಗಿರುತ್ತದೆ. ಮನೆ ಬೆಚ್ಚಗಿದೆ, ಬಲ್ಬಿಗೆ ಹುಳ ತಾನಾಗಿ ಬರುತ್ತದೆ. ಇದರಿಂದಲೇ ಹಲ್ಲಿಯ ಊಟ ನೋಡಿ ಓತಿಕ್ಯಾತದ ಊಟ ಊಹಿಸಬಾರದು.

ಸೆಪ್ಟೆಂಬರ್‌ನಿಂದ ನವೆಂಬರ್ ಸುಗ್ಗಿ. ಹಸಿರು ಇದೆ, ಬಿಸಿಲು ಇದೆ, ಗದ್ದೆಯಲ್ಲಿ ಮಿಡತೆ ಇದೆ. ಮೊಟ್ಟೆ ಇಟ್ಟು ಎರಡು ತಿಂಗಳ ಆಸುಪಾಸಿಗೆ ಮರಿ ಬರುವುದರಿಂದ ಓತಿಕ್ಯಾತದ ಮರಿಗಳು ಎಲ್ಲೆಲ್ಲೂ ಕಾಣುವುದು ಈ ದಿನಗಳಲ್ಲೇ. ವಯಸ್ಸಿನ ವ್ಯತ್ಯಾಸ ಹುಡುಕಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಡಿಸೆಂಬರ್, ಜನವರಿಯ ಚಳಿಗೆ ಬೇಟೆ ಬಿಸಿಲೇರಿದ ಮೇಲೆ ಮಾತ್ರ. ಉಡವಂತೂ ಬಿಲದಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಮೈ ಬೆಚ್ಚಗಿರುತ್ತದೆ, ಆದರೆ ಹುಳ ಕಡಿಮೆ. ಸಮೃದ್ಧಿ ಇದ್ದಾಗ ದೊಡ್ಡ ಓತಿಕ್ಯಾತ ಆರಿಸಿ ತಿನ್ನಬಹುದು, ಇರುವೆಯನ್ನು ಬಿಟ್ಟು ಮಿಡತೆಗೆ ಕಾಯಬಹುದು. ಬರಗಾಲದಲ್ಲಿ ಸಿಕ್ಕಿದ್ದನ್ನು ತಿನ್ನಬೇಕು. ಹಾಗಾಗಿ ಬೇಸಿಗೆಯಲ್ಲಿ ದೊಡ್ಡದರ ಊಟ ಮರಿಯ ಊಟದ ಕಡೆಗೆ ವಾಲುತ್ತದೆ. ಬೇಸಿಗೆ ಬೇರೆ, ಮಳೆಗಾಲ ಬೇರೆ ಎಂದು ನಿಮ್ಮ ಮಗಳಿಗೆ ಅನ್ನಿಸಿದ್ದು ಇದೇ ಇರಬೇಕು.

ಪ್ರಾಜೆಕ್ಟಿಗೆ ಏನು ಮಾಡಬಹುದು? ಹಿಂದೆ ಸಂಶೋಧಕರು ಪ್ರಾಣಿಯನ್ನು ಕೊಂದು ಹೊಟ್ಟೆ ಸೀಳಿ ನೋಡುತ್ತಿದ್ದರು. ಈಗ ಮೆತ್ತನೆಯ ಕೊಳವೆಯಿಂದ ಹೊಟ್ಟೆಗೆ ನೀರು ಬಿಟ್ಟು, ತಿಂದದ್ದನ್ನು ಹೊರಗೆ ತೆಗೆದು, ಪ್ರಾಣಿಯನ್ನು ಬಿಟ್ಟುಬಿಡುತ್ತಾರೆ. ಅದು ತರಬೇತಿ, ಅನುಮತಿ ಎರಡೂ ಬೇಕಾದ ಕೆಲಸ. ಮಗಳು ಮುಟ್ಟಬೇಕಾದ್ದು ಹಿಕ್ಕೆಯನ್ನು ಮಾತ್ರ. ಹಲ್ಲಿಯ ಹಿಕ್ಕೆ ಕಪ್ಪಗಿದ್ದು ತುದಿ ಬೆಳ್ಳಗಿರುತ್ತದೆ, ಆ ಬಿಳಿ ಅದರ ಮೂತ್ರದ ಅಂಶ. ಯಾವ ಬಲ್ಬಿನ ಕೆಳಗೆ ಸಿಕ್ಕಿತು, ಯಾವ ದಿನ, ಹಿಂದಿನ ರಾತ್ರಿ ಮಳೆ ಇತ್ತೇ, ಹಿಕ್ಕೆ ಎಷ್ಟು ಉದ್ದ, ಇಷ್ಟು ಬರೆದುಕೊಳ್ಳಲಿ. ದೊಡ್ಡ ಹಿಕ್ಕೆ ದೊಡ್ಡ ಹಲ್ಲಿಯದು, ಇದರಿಂದ ಗಾತ್ರದ ಅಂದಾಜು ಸಿಗುತ್ತದೆ. ಬಾಟಲಿ ಮುಚ್ಚಳದಲ್ಲಿ ನೀರು ಹಾಕಿ ನೆನೆಸಿ, ಸೂಜಿಯಿಂದ ಮೆಲ್ಲಗೆ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಲಿ. ಇರುವೆಯ ತಲೆ, ದುಂಬಿಯ ಗಟ್ಟಿ ರೆಕ್ಕೆ, ಜಿರಲೆಯ ಕಾಲು ಗುರುತು ಸಿಗುತ್ತವೆ. ಗೆದ್ದಲು, ಕಂಬಳಿಹುಳು ಮೆತ್ತಗಿರುವುದರಿಂದ ಅರಗಿಹೋಗಿರುತ್ತವೆ. ಹಿಕ್ಕೆಯಲ್ಲಿ ಕಾಣಲಿಲ್ಲ ಎಂದರೆ ತಿಂದಿಲ್ಲ ಎಂದಲ್ಲ, ಈ ಮಾತನ್ನು ವರದಿಯಲ್ಲಿ ಬರೆದರೆ ಮೇಷ್ಟ್ರು ಖಂಡಿತ ಮೆಚ್ಚುತ್ತಾರೆ. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಕೈಗವಸು ಹಾಕಿಕೊಳ್ಳಲಿ, ಅಡುಗೆಮನೆಯ ಪಾತ್ರೆ ಬಳಸುವುದು ಬೇಡ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಲಿ. ಸಾಧ್ಯವಾದರೆ ಎರಡು ಕಾಲ ನೋಡಲಿ. ಒಂದೇ ತಿಂಗಳ ಹಿಕ್ಕೆ ಒಂದೇ ತಿಂಗಳ ಕಥೆ ಹೇಳುತ್ತದೆ.

ಕೊನೆಗೆ ನಿಮ್ಮ ಮಾವನವರ ಮಾತು. ಉಡ ಮೊಟ್ಟೆ ತಿನ್ನುವುದು ನಿಜ, ಕೋಳಿಮರಿಯನ್ನೂ ಬಿಡುವುದಿಲ್ಲ. ಆದರೆ ಅದರ ವರ್ಷದ ಊಟದಲ್ಲಿ ನಿಮ್ಮ ಕೋಳಿಗೂಡಿನ ಪಾಲು ತೀರಾ ಸಣ್ಣದು. ದುಂಬಿ, ಹುಳ, ಬಸವನಹುಳು, ಏಡಿ ಹುಡುಕಿಕೊಂಡು ಅದು ತೋಟ ಕೆದಕುವುದೇ ಜಾಸ್ತಿ. ಬೇರುಹುಳುವಿನ ಕಾಟವನ್ನು ಅದು ನಿವಾರಿಸುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ಅದು ಕೆದಕಿ ತಿನ್ನುವುದರಲ್ಲಿ ಅಂಥ ಹುಳಗಳೂ ಸೇರಿರುತ್ತವೆ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ನಿಮ್ಮ ಕೆಲಸ ಸುಲಭದ್ದು. ಉಡ ಹಗಲಿನ ಪ್ರಾಣಿ, ಹಾಗಾಗಿ ಮೊಟ್ಟೆಯನ್ನು ಸಂಜೆವರೆಗೆ ಬಿಡದೆ ಕೋಳಿ ಇಟ್ಟ ಕೂಡಲೇ ತೆಗೆದುಬಿಡಿ. ಕಾವು ಕೂತ ಕೋಳಿಯ ಬುಟ್ಟಿಯನ್ನು ಕೊಟ್ಟಿಗೆಯ ನೆಲದಲ್ಲಿ ಇಡಬೇಡಿ, ಸಣ್ಣ ಕಣ್ಣಿನ ತಂತಿಬಲೆ ಹಾಕಿದ ಗೂಡಿನೊಳಗೆ ಇಡಿ. ಉಡ ಮರವನ್ನೂ ಹತ್ತುತ್ತದೆ, ಸುಮ್ನೆ ಎತ್ತರದಲ್ಲಿ ಇಟ್ಟರೆ ಸಾಲದು. ಗೂಡಿನ ಸುತ್ತ ಕೊಳೆತ ಸೌದೆ, ಕಸದ ರಾಶಿ ಇದ್ದರೆ ಅದನ್ನೂ ತೆಗೆಸಿ. ಉಡ ಅಲ್ಲಿಗೆ ಮೊದಲು ಬರುವುದು ಆ ರಾಶಿಯೊಳಗಿನ ಹುಳಕ್ಕೆ.